ಬುಟ್ಟಿ ಇಳಿಸುವ ಕೈ

ಕುಮುದಿನಿಗೆ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತದೆ ಎಂಬುದು ಮುಂಬೈಯ ಚಾಳಿನಲ್ಲಿ ಎಲ್ಲರಿಗೂ ಗೊತ್ತಿತ್ತು. ನೀರಿನ ನಲ್ಲಿಯ ಹತ್ತಿರ ಅವಳ ಸರದಿಯನ್ನು ತಪ್ಪಿಸುವ ಧೈರ್ಯ ಯಾರಿಗೂ ಇರಲಿಲ್ಲ. 'ನಿನ್ನ ಸಿಟ್ಟನ್ನು ಸೀಸೆಗೆ ತುಂಬಿಸಿ ಮಾರಿದ್ದರೆ ನಾವು ಬಂಗಲೆ ಕಟ್ಟಬಹುದಿತ್ತು' ಎಂದು ಗಂಡ ಗಿರಿಯಪ್ಪ ನಗುತ್ತಿದ್ದ. ಗಿರಿಯಪ್ಪ ತೀರಿಹೋಗಿ ನಾಲ್ಕು ವರ್ಷವಾಯಿತು. ಈಗ ಚಾಳನ್ನೂ ಕೆಡವುತ್ತಾರೆ ಎಂದಾದಾಗ ಮಗ ರಿತೇಶ್, "ಸಾಕಮ್ಮ, ಊರಿಗೆ ಬಂದುಬಿಡು. ಮಣ್ಣಗುಡ್ಡದಲ್ಲಿ ಫ್ಲ್ಯಾಟ್ ತೆಗೊಂಡಿದ್ದೇನಲ್ಲ" ಎಂದ. ಊರು ಎಂಬ ಶಬ್ದ ಕೇಳಿ ಅರುವತ್ತರ ಹೆಂಗಸಿಗೆ ಕಣ್ಣು ತುಂಬಿ ಬಂತು. ಹಳೆಯ ಪಾತ್ರೆಗಳನ್ನೆಲ್ಲ ನೆರೆಮನೆಯವರಿಗೆ ಹಂಚಿ ರೈಲು ಹತ್ತಿದಳು.

ರೈಲಿಳಿದು ರಿತೇಶನ ಕಾರಿನಲ್ಲಿ ಕುಳಿತಾಗಿನಿಂದಲೇ ಅವಳಿಗೆ ಕಿರಿಕಿರಿ ಶುರುವಾಯಿತು. ಹನ್ನೊಂದು ವರ್ಷದ ಹಿಂದೆ ಅಮ್ಮ ತೀರಿಹೋದಾಗ ಬೊಜ್ಜಕ್ಕೆ ಬಂದವಳು ಹದಿನಾಲ್ಕನೆಯ ದಿನ ಹೊರಟುಹೋಗಿದ್ದಳು. ಆಗ ಕಣ್ಣೀರಿನಲ್ಲಿ ಏನೂ ನೋಡಿರಲಿಲ್ಲ. ಈಗ ನೋಡಿದರೆ ಒಂದು ಗುರುತೂ ಸಿಗುತ್ತಿಲ್ಲ. ಹಂಚಿನ ಕಾರ್ಖಾನೆಯ ಚಿಮಣಿ ಎಲ್ಲಿ? ಮಾಲ್ ಆಯಿತಂತೆ. ಹೆಂಗಸರು ಕಟ್ಟಿದ ಬೀಡಿ ಒಪ್ಪಿಸುತ್ತಿದ್ದ ಮೂಲೆಯ ಬೀಡಿ ಬ್ರಾಂಚ್ ಎಲ್ಲಿ? ಕೇಕಿನ ಅಂಗಡಿಯಾಯಿತಂತೆ. ಮಗ ಒಂದೊಂದನ್ನೂ ಬಹುಮಾನ ಬಂದವನ ಹಾಗೆ ತೋರಿಸುತ್ತಿದ್ದ. "ಮಂಗಳೂರು ಈಗ ಮೊದಲಿನ ಹಾಗೆ ಇಲ್ಲ ಅಮ್ಮ, ಸೂಪರ್ ಆಗಿದೆ" ಎಂದ. ಇದ್ದದ್ದನ್ನೆಲ್ಲ ಕಿತ್ತು ಬಿಸಾಡಿ ಸೂಪರ್ ಮಾಡುವುದಕ್ಕೆ ಎಂಥ ಜಾಣತನ ಬೇಕು ಎಂದು ಅವಳು ಮನಸ್ಸಿನಲ್ಲೇ ಬೈದಳು.

ಕಾರು ಒಂದು ತಿರುವಿನಲ್ಲಿ ನಿಧಾನವಾಗಿ ಎತ್ತರದ ಗೇಟಿನೊಳಗೆ ಹೊಕ್ಕಿತು. 'ಸಾಗರ್ ಕ್ರೆಸ್ಟ್' ಎಂದು ಹಿತ್ತಾಳೆಯ ಅಕ್ಷರಗಳಲ್ಲಿ ಬರೆದಿತ್ತು. ಕುಮುದಿನಿ ಇಳಿದು ಸುತ್ತ ನೋಡಿದಳು. ರಸ್ತೆ ಬಿಲ್ಲಿನಂತೆ ಬಾಗುವ ರೀತಿ, ಆಚೆ ಬದಿಯ ಇಳಿಜಾರು, ದೂರದಲ್ಲಿ ಶಾಲೆಯ ಗಂಟೆ. ಅವಳ ಕಾಲಿಗೆ ಗುರುತು ಸಿಕ್ಕಿತು, ಕಣ್ಣಿಗೆ ಆಮೇಲೆ ಸಿಕ್ಕಿತು.

"ಇದು ಡಾಲಿ ಬಾಯಿಯ ಕಂಪೌಂಡ್ ಅಲ್ವಾ?"

"ಯಾರ ಕಂಪೌಂಡೋ ಎಂತದೋ. ನಮ್ಮ ಫ್ಲ್ಯಾಟಿನವರ ಸಂಘದ ಪ್ರೆಸಿಡೆಂಟ್ ಬ್ರಯಾನ್ ಅವರ ಜಾಗ ಇದು. ಬಿಲ್ಡರಿಗೆ ಕೊಟ್ಟು ಅವರು ಎರಡು ಫ್ಲ್ಯಾಟ್ ಇಟ್ಕೊಂಡಿದ್ದಾರೆ. ಯಾಕೆ?"

ಯಾಕೆ ಎಂದು ಕೇಳುತ್ತಾನೆ! ಅವಳ ಅಮ್ಮ, ಅವನ ಅಜ್ಜಿ ಮುದ್ದು, ನಲವತ್ತು ವರ್ಷ ಮೀನಿನ ಬುಟ್ಟಿ ಇಳಿಸಿದ್ದು ಈ ಗೇಟಿನ ಎದುರು. ಆಗ ಇಲ್ಲಿ ಇಂಥ ಗೇಟಿರಲಿಲ್ಲ. ಎರಡು ಕೆಂಪು ಕಲ್ಲಿನ ಕಂಬಗಳು, ನಡುವೆ ಬಾಗಿಲಿನ ಬದಲು ಒಂದು ಮರದ ದಳಿ. ಬೆಳಗ್ಗೆ ದಕ್ಕೆಯಲ್ಲಿ ಬೋಟಿನಿಂದ ಇಳಿದ ಮೀನು ಆರಿಸಿಕೊಂಡು, ಬೊಕ್ಕಪಟ್ಣದ ಮನೆಗೆ ಬಂದು ಗಂಜಿ ಕುಡಿದು, ಮುದ್ದು ಮಣ್ಣಗುಡ್ಡ ಹತ್ತುತ್ತಿದ್ದಳು. ಇಲ್ಲಿ ಅವಳಿಗೆ ಹದಿನಾಲ್ಕು ಮನೆಗಳಿದ್ದವು.

ಮೀನಿನ ಬುಟ್ಟಿ ಹೊತ್ತವಳು ಅದನ್ನು ತಾನಾಗಿ ಇಳಿಸಲಾರಳು. ಕೆಳಗಿನಿಂದ ನೀರು ತೊಟ್ಟಿಕ್ಕುವ ಇಪ್ಪತ್ತು ಮೂವತ್ತು ಕಿಲೋ ಭಾರ ಅದು. ಕತ್ತು ಒಂದಿಷ್ಟು ವಾಲಿದರೆ ದಿನದ ಅನ್ನ ರಸ್ತೆಯ ಪಾಲು. ಎರಡು ಕೈ ಅವಳದು, ಇನ್ನೆರಡು ಕೈ ಎದುರಿನವರದು ಬೇಕು. ಹದಿಮೂರು ಮನೆಯವರು ಮೀನು ತಿನ್ನುತ್ತಿದ್ದರು, ಬುಟ್ಟಿ ಮುಟ್ಟುತ್ತಿರಲಿಲ್ಲ. ಈ ಕಂಪೌಂಡಿನ ಒಡತಿ ಡಾಲಿ ಬಾಯಿ ಮಾತ್ರ ಮುದ್ದುವಿನ ದನಿ ಕೇಳಿದರೆ ಸಾಕು, ಕೈಯ ಹಿಟ್ಟನ್ನು ಗೌನಿಗೆ ಒರೆಸಿಕೊಂಡು ಓಡಿ ಬರುತ್ತಿದ್ದರು. ಹಾಗೆ ಇಳಿಸಿದ ಕೈಗೆ ಎರಡು ಮೀನು ಕೊಸರು. ವ್ಯಾಪಾರಕ್ಕೆ ಮೊದಲು, ಚೌಕಾಶಿಗೆ ಮೊದಲು, ಒಂದೊಂದು ಕೈಗೆ ಒಂದೊಂದು ಮೀನು. ಅದನ್ನು ಬೇಡ ಎನ್ನುವ ಹಾಗಿಲ್ಲ. ಬೇಡ ಎಂದರೆ ಮೀನುಗಾರ್ತಿಗೆ ಅವಮಾನ, ಆ ದಿನ ಬುಟ್ಟಿ ಖಾಲಿಯಾಗುವುದಿಲ್ಲ ಎಂಬ ನಂಬಿಕೆ. ಬೊಕ್ಕಪಟ್ಣದ ಹೆಂಗಸರೆಲ್ಲ ನಡೆಸಿಕೊಂಡು ಬಂದ ಪದ್ಧತಿ ಅದು.

ಇಷ್ಟನ್ನೂ ಲಿಫ್ಟಿನಲ್ಲಿ ಹೇಳಬೇಕೆಂದು ಅವಳು ಬಾಯಿ ತೆರೆದಳು. ಅಷ್ಟರಲ್ಲಿ ಮೂರನೆಯ ಮಹಡಿಯಲ್ಲಿ ಯಾರೋ ಹತ್ತಿದರು. ರಿತೇಶ್ ಮೆಲ್ಲಗೆ, "ಮನೆಯಲ್ಲಿ ಮಾತಾಡುವ" ಎಂದ.

ಏಳನೆಯ ಮಹಡಿಯ ಮನೆ ಚೆನ್ನಾಗಿಯೇ ಇತ್ತು. ಸೊಸೆ ನಿರೀಕ್ಷಾ ಒಳ್ಳೆಯ ಹುಡುಗಿ, ಕಾಲಿಗೆ ಬಿದ್ದು ಚಹಾ ಕೊಟ್ಟಳು. ಆಮೇಲೆ ಫ್ರಿಜ್ಜಿನಿಂದ ಒಂದು ಡಬ್ಬಿ ತೆಗೆದಳು. ತೊಳೆದು, ತುಂಡು ಮಾಡಿ, ತಲೆ ಬಾಲ ಏನೂ ಇಲ್ಲದ ಮೀನು. ಮೊಬೈಲಿನಲ್ಲಿ ಒತ್ತಿದರೆ ಬಾಗಿಲಿಗೆ ಬರುತ್ತದಂತೆ. ನಿರೀಕ್ಷಾ ಮೊದಲು ಬಾಲ್ಕನಿಯ ಗಾಜಿನ ಬಾಗಿಲು ಎಳೆದಳು, ಕಿಟಕಿಗಳನ್ನು ಮುಚ್ಚಿದಳು, ಒಲೆಯ ಮೇಲಿನ ಫ್ಯಾನ್ ಹಾಕಿದಳು, ಆಮೇಲೆ ಕಾವಲಿ ಇಟ್ಟಳು.

"ಹೀಗ್ಯಾಕೆ ಮಾರಾಯ್ತಿ, ಕದ್ದು ತಂದ ಮೀನಾ ಇದು?" ಎಂದು ಕುಮುದಿನಿ ಕೇಳಿದಳು.

"ಅಲ್ಲ ಮಾಮಿ, ವಾಸನೆ ಹೋದ್ರೆ ವಾಟ್ಸಾಪ್ ಗ್ರೂಪಲ್ಲಿ ಹಾಕ್ತಾರೆ. ಸೆಕ್ರೆಟರಿ ಮನೆಯಿಂದಲೇ ಅಂತ ಆಗ್ತದೆ."

ಸೆಕ್ರೆಟರಿ ಎಂದರೆ ರಿತೇಶ್. ಆ ರಿತೇಶ್ ದಿನಾ ಕೂಳೂರಿನ ಸೇತುವೆ ದಾಟಿ ಹೋಗಿ ಮಾಡುವ ಕೆಲಸ ಯಾವುದು? ಮೀನಿನ ಫ್ರೀಜಿಂಗ್ ಕಂಪೆನಿಯಲ್ಲಿ ಮ್ಯಾನೇಜರ್. ಟನ್‌ಗಟ್ಟಲೆ ಮೀನು ಕಂಟೇನರ್ ತುಂಬಿಸಿ ಹಡಗಿಗೆ ಹತ್ತಿಸುವವನ ಮನೆಯಲ್ಲಿ ನಾಲ್ಕು ತುಂಡು ಮೀನಿಗೆ ಕಿಟಕಿ ಮುಚ್ಚಬೇಕು! ಕುಮುದಿನಿ ಬಂದ ದಿನವೇ ಜಗಳ ಬೇಡವೆಂದು ತುಟಿ ಕಚ್ಚಿಕೊಂಡು ಉಂಡಳು.

ಊಟವಾದ ಮೇಲೆ ಗಾಜಿನ ಬಾಗಿಲು ಸರಿಸಿ ಬಾಲ್ಕನಿಗೆ ಬಂದವಳಿಗೆ ಕೆಳಗೆ ರಸ್ತೆಯಾಚೆ ಒಂದು ಆಕೃತಿ ಕಂಡಿತು. ಕರೆಂಟ್ ಕಂಬದ ಪಕ್ಕ, ಬಿಸಿಲಿನಲ್ಲಿ, ತಲೆಯ ಮೇಲೆ ಬುಟ್ಟಿ ಹೊತ್ತು ಒಬ್ಬಳು ಅಲುಗಾಡದೆ ನಿಂತಿದ್ದಳು. ನಿಂತ ಭಂಗಿಯಲ್ಲೇ ಗೊತ್ತಾಯಿತು. ಸೊಂಟಕ್ಕೆ ಒಂದು ಕೈ, ಬುಟ್ಟಿಗೆ ಒಂದು ಕೈ. ಹಾಗೆ ನಿಲ್ಲುವುದನ್ನು ಕಲಿಸಿದವಳು ಮುದ್ದು. ಅದು ಕುಶಲಾ. ಪಕ್ಕದ ಮನೆಯ ಹುಡುಗಿ, ಕುಮುದಿನಿಗಿಂತ ಎರಡು ವರ್ಷ ಚಿಕ್ಕವಳು, ಮುದ್ದುವಿನ ಬೆನ್ನ ಹಿಂದೆ ನಡೆದು ವ್ಯಾಪಾರ ಕಲಿತು, ಅವಳು ಹೋದ ಮೇಲೆ ಆ ಹದಿನಾಲ್ಕು ಮನೆಗಳನ್ನು ವಹಿಸಿಕೊಂಡವಳು.

ಕುಮುದಿನಿ ಕೆಳಗೋಡಿದಳು. ಗೇಟಿನ ಪಕ್ಕದಲ್ಲಿ ಒಂದು ಬೋರ್ಡು: 'ಮೀನು, ತರಕಾರಿ, ಹಳೆ ಪೇಪರ್ ವ್ಯಾಪಾರಿಗಳಿಗೆ ಪ್ರವೇಶವಿಲ್ಲ. ಗೇಟಿನ ಎದುರು ನಿಲ್ಲಬಾರದು.' ಅವಳು ಅದನ್ನು ಎರಡು ಸಲ ಓದಿ ರಸ್ತೆ ದಾಟಿದಳು. ಮಾತಿಗೆ ಮೊದಲು ಎರಡು ಕೈ ಎತ್ತಿ ಬುಟ್ಟಿ ಇಳಿಸಿದಳು.

"ಅಯ್ಯೋ ಕುಮುದಕ್ಕ! ನೀವಾ?" ಕುಶಲಾ ಕತ್ತು ತಿಕ್ಕಿಕೊಳ್ಳುತ್ತ ನಕ್ಕಳು, ಮತ್ತೆ ಬುಟ್ಟಿಗೆ ಕೈ ಹಾಕಿ ಎರಡು ಬಂಗುಡೆ ಮೀನು ತೆಗೆದು ಅವಳ ಕೈಗಳಿಗೆ ಒಂದೊಂದು ಇಟ್ಟಳು. ಕುಮುದಿನಿ ಅವನ್ನು ಬಿಗಿಯಾಗಿ ಹಿಡಿದುಕೊಂಡಳು.

"ಎಷ್ಟು ಹೊತ್ತಾಯ್ತು ಹೀಗೆ ನಿಂತು?"

"ಅರ್ಧ ಗಂಟೆ ಆಗಿರ್ಬಹುದು. ಗಿರಾಕಿ ಬಂದ್ರೆ ಇಳಿಸ್ತಾರೆ. ಕೆಲವರು ಕಾರಲ್ಲೇ ಕೂತು ಮೀನು ಕೇಳ್ತಾರೆ, ಅವರು ಇಳಿಸುದಿಲ್ಲ. ಮೊದಲು ವಾಚ್‌ಮ್ಯಾನ್ ಇಳಿಸ್ತಿದ್ದ. ಅವನಿಗೆ ಬೈದ್ರು, ಈಗ ಅವನೂ ಬರುದಿಲ್ಲ."

"ಕೂತು ಮಾರ್ತಿದ್ದದ್ದು ಅಲ್ಲಿ ಮೋರಿಕಟ್ಟೆಯಲ್ಲಿ ಅಲ್ವಾ?"

"ಕಟ್ಟೆ ಎಲ್ಲಿ ಉಂಟು, ಟೈಲ್ಸ್ ಹಾಕಿ ಕಂಬಿ ಇಟ್ರಲ್ಲ. ಆದ್ರೂ ಮೂಲೆಯಲ್ಲಿ ಕೂರ್ತಿದ್ದೆ. ಮೊನ್ನೆ ಯಾರೋ ಫೋನ್ ಮಾಡಿ ಕಾರ್ಪೊರೇಶನ್ ಗಾಡಿ ಕರ್ಸಿದ್ರು. ಕೊಡೆ ಹೋಯ್ತು, ಮಣೆ ಹೋಯ್ತು. ಕತ್ತಿ ಸೀರೆಯಲ್ಲಿ ಅಡಗಿಸಿ ಉಳಿಸ್ಕೊಂಡೆ. ಇನ್ನು ದೊಡ್ಡ ಆಫೀಸಿಗೆ ಅರ್ಜಿ ಕೊಡ್ತಾರಂತೆ, ಈ ಆದಿತ್ಯವಾರ ಮೀಟಿಂಗ್ ಉಂಟಂತೆ. ಅದು ಹೋದ್ರೆ ಮತ್ತೆ ಈ ರಸ್ತೆಯಲ್ಲೇ ಬರ್ಲಿಕ್ಕಿಲ್ಲ. ಈ ಮೂಲೆ ಬಿಟ್ರೆ ನಂಗೆ ಬೇರೆ ಎಲ್ಲಿ ಉಂಟು ಹೇಳಿ."

"ಇಲ್ಲಿ ಸೆಕ್ರೆಟರಿ ಯಾರು ಗೊತ್ತುಂಟಾ ನಿಂಗೆ?"

ಕುಶಲಾ ಮೀನಿನ ಮೇಲಿನ ನೊಣ ಓಡಿಸಿದಳು. "ಗೊತ್ತುಂಟು. ಅವನಿಗೆ ನನ್ನ ಗುರ್ತ ಇರ್ಲಿಕ್ಕಿಲ್ಲ. ಬಿಡಿ, ಬೊಂಬಾಯಲ್ಲಿ ಹುಟ್ಟಿದ ಮಗು."

ಆ ಮಾತಿನ ಹಿಂದೆ ಏನೋ ಇದೆ ಎಂದು ಕುಮುದಿನಿಗೆ ಅನಿಸಿತು. ಎರಡು ಬಂಗುಡೆ ಹಿಡಿದುಕೊಂಡು ಲಿಫ್ಟಿನಲ್ಲಿ ಮೇಲೆ ಹೋದಳು. ಬಾಗಿಲು ತೆರೆದಿಟ್ಟೇ ಅವನ್ನು ಹುರಿದಳು.

ಮರುದಿನ ಸಂಜೆ ಊಟದ ಮೇಜಿನ ಮೇಲೆ ಅವಳಿಗೆ ಆ ಅರ್ಜಿ ಸಿಕ್ಕಿತು. ಶುದ್ಧ ಕನ್ನಡದಲ್ಲಿ ಟೈಪ್ ಮಾಡಿಸಿದ್ದರು. 'ನಮ್ಮ ವಸತಿ ಸಮುಚ್ಚಯದ ಎದುರು ಮಹಿಳೆಯೊಬ್ಬರು ಅನಧಿಕೃತವಾಗಿ ಮೀನು ಮಾರುತ್ತಿದ್ದು, ಅಸಹನೀಯ ದುರ್ವಾಸನೆ ಹರಡಿ ನಿವಾಸಿಗಳ ನೆಮ್ಮದಿಗೆ ಭಂಗ ಬಂದಿರುತ್ತದೆ. ಸದರಿ ಮಹಿಳೆಯನ್ನು ಶಾಶ್ವತವಾಗಿ ತೆರವುಗೊಳಿಸಬೇಕಾಗಿ ವಿನಂತಿ.' ಕೆಳಗೆ ಅಧ್ಯಕ್ಷರ ಸಹಿಗೆ ಒಂದು ಗೆರೆ, ಕಾರ್ಯದರ್ಶಿ ರಿತೇಶನ ಸಹಿಗೆ ಒಂದು ಗೆರೆ. ಏಳನೆಯ ಕ್ಲಾಸಿನವರೆಗೆ ಕನ್ನಡ ಶಾಲೆಗೆ ಹೋದದ್ದು ಇದನ್ನು ಓದಲಿಕ್ಕೋ ಎಂದು ಅವಳಿಗೆ ಮೈಯೆಲ್ಲ ಉರಿಯಿತು.

ರಿತೇಶ್ ಸ್ನಾನ ಮುಗಿಸಿ ಬಂದಾಗ ಅವಳು ಕಾಗದವನ್ನು ಅವನ ಮುಖಕ್ಕೆ ಹಿಡಿದಳು. ತಾಯಿ ಮಗನಿಗೆ ಜಗಳಕ್ಕೆ ತುಳುವೇ ಬೇಕು. ಆದರೆ ನಿರೀಕ್ಷಾಳಿಗೂ ಕೇಳಲಿ ಎಂದೋ, ಗೋಡೆಯಾಚೆಯವರಿಗೂ ಅರ್ಥವಾಗಲಿ ಎಂದೋ, ಕುಮುದಿನಿ ಕನ್ನಡದಲ್ಲೇ ಶುರು ಮಾಡಿದಳು.

"ದುರ್ವಾಸನೆ ಅಂತ ಬರ್ದದ್ದು ಯಾರು?"

"ಅಮ್ಮ, ಅದು ನನ್ನ ಅಭಿಪ್ರಾಯ ಅಲ್ಲ. ನಲ್ವತ್ತೆರಡು ಫ್ಲ್ಯಾಟಿನವರು ಹೇಳಿದ್ದು. ಸೆಕ್ರೆಟರಿ ಅಂದ್ಮೇಲೆ ನಾನೇ ಬರಿಬೇಕು."

"ನಿನ್ನಪ್ಪ ಸತ್ತ ಮೇಲೂ ಬೊಕ್ಕಪಟ್ಣದಿಂದ ನಂಗೆ ಫೋನ್ ಮಾಡ್ತಿದ್ದದ್ದು ಅವಳೊಬ್ಳೆ. ಕುಶಲಾ ಯಾರು ಅಂತ ಗೊತ್ತಿಲ್ವಾ ನಿಂಗೆ?"

ರಿತೇಶ್ ಟವೆಲನ್ನು ಕುರ್ಚಿಯ ಮೇಲೆ ಹಾಕಿದ, ಮತ್ತೆ ತೆಗೆದ. "ಗೊತ್ತುಂಟು," ಎಂದ. "ಮನೆ ಒಕ್ಕಲಾದ ದಿನ, ನಿಂಗೆ ಬರ್ಲಿಕ್ಕೆ ಆಗ್ಲಿಲ್ಲ ಅಲ್ಲ, ಗೇಟಿನ ಹತ್ತಿರ ಬಂದಿದ್ರು, ಮುದ್ದಕ್ಕನ ಪುಳ್ಳಿ, ಕುಮುದಕ್ಕನ ಮಗ ಅಲ್ವಾ ಅಂತ ಕೇಳಿದ್ರು. ನಿರೀಕ್ಷಾಳ ಕಡೆಯ ನೆಂಟರು, ಫ್ಲ್ಯಾಟಿನವರು ಎಲ್ಲ ನಿಂತಿದ್ರು. ಇಲ್ಲಿ ಅದೆಲ್ಲ ಮಾತಾಡ್ಬೇಡಿ ಅಂತ ಹೇಳಿದೆ."

ಕುಮುದಿನಿ ಕಾಗದವನ್ನು ಮೇಜಿನ ಮೇಲೆ ಬಡಿದಳು. ಗುರುತು ಇಲ್ಲದವನು ಓಡಿಸಿದ್ದರೆ ತಿಳಿಯದೆ ಮಾಡಿದ ಎನ್ನಬಹುದಿತ್ತು. ಇವನು ಗುರುತು ಹಿಡಿದೇ ಓಡಿಸುತ್ತಿದ್ದಾನೆ. ಆ ಹೆಂಗಸು, ಪಾಪ, ಅವನ ಮಾನ ಉಳಿಸಲಿಕ್ಕೆ 'ಗುರ್ತ ಇರ್ಲಿಕ್ಕಿಲ್ಲ' ಎಂದು ಸುಳ್ಳು ಹೇಳಿದ್ದಾಳೆ.

"ನಿನ್ನ ಅಜ್ಜಿ ಮೀನು ಮಾರಿದವಳು ಅಂತ ಗೊತ್ತಾದ್ರೆ ಇವರೆಲ್ಲ ಎಂತ ಮಾಡ್ತಾರೆ? ತಿಂತಾರಾ ನಿನ್ನನ್ನು?"

"ಎಂತದ್ದೂ ಮಾಡುದಿಲ್ಲ ಅಮ್ಮ. ನಗಾಡಿ ಮಾತಾಡ್ತಾರೆ. ಆದ್ರೆ ಲಿಫ್ಟಲ್ಲಿ ಒಂದು ನೋಟ ನೋಡ್ತಾರೆ. ನಿಂಗೆ ಅದು ಗೊತ್ತಿಲ್ಲ."

ಆ ನೋಟ ಅವಳಿಗೆ ಗೊತ್ತಿತ್ತು. ಅವಳೇ ನೋಡಿದ್ದಳು.

ಆಗ ಅವಳಿಗೆ ಹದಿಮೂರು ವರ್ಷ. ಸಂಜೆ ಶಾಲೆ ಬಿಟ್ಟ ಮೇಲೆ ಗೆಳತಿಯರ ಜತೆ ಇದೇ ತಿರುವಿಗೆ ಬಂದಾಗ ಅಮ್ಮ ಡಾಲಿ ಬಾಯಿಯ ದಳಿಯ ಎದುರು ಬುಟ್ಟಿ ಹೊತ್ತು ನಿಂತಿದ್ದಳು. ಅಂದು ಮೀನು ಸಿಕ್ಕಿದ್ದೇ ತಡವಾಗಿ, ಮಧ್ಯಾಹ್ನದ ಮೇಲೆ ಹೊರಟು ಬಂದಿದ್ದಳು. ಡಾಲಿ ಬಾಯಿ ಇಗರ್ಜಿಗೆ ಹೋಗಿದ್ದರು, ಮನೆಗೆ ಬೀಗ. ಮೀನಿನ ನೀರು ಅಮ್ಮನ ಕಿವಿಯ ಪಕ್ಕದಲ್ಲಿ ಇಳಿಯುತ್ತಿತ್ತು. ಅಮ್ಮ ಮಗಳನ್ನು ನೋಡಿದಳು. ಗೆಳತಿಯರಲ್ಲೊಬ್ಬಳು ವಕೀಲರ ಮಗಳು. ಅವಳು ಮೂಗು ಮುಚ್ಚಿಕೊಂಡಳು. ಕುಮುದಿನಿ ಬಗ್ಗಿ ಚಪ್ಪಲಿಯ ಬಾರು ಸರಿಮಾಡುವ ನೆಪ ಮಾಡಿದಳು. ಬಾರು ಸರಿಯಾಗಿಯೇ ಇತ್ತು. ಎದ್ದವಳು ಗೆಳತಿಯರ ನಡುವೆ ಸೇರಿಕೊಂಡು, ಯಾರೋ ಮೀನಿನವಳನ್ನು ದಾಟಿ ಹೋಗುವ ಹಾಗೆ ದಾಟಿ ಹೋದಳು. ತಿರುವಿನಲ್ಲಿ ತಿರುಗಿ ನೋಡಿದಾಗ ಅಮ್ಮ ಹಾಗೇ ನಿಂತಿದ್ದಳು. ಸಂಜೆ ಮನೆಯಲ್ಲಿ ಆ ಬಗ್ಗೆ ಅಮ್ಮ ತುಟಿಪಿಟಕ್ಕೆನ್ನಲಿಲ್ಲ, ಗಂಜಿ ಬಡಿಸಿದಳು. ಮುಂದೆ ಅಮ್ಮನಿಗೆ ಕತ್ತು ನೋವು ಹಿಡಿದು, ಮದುವೆಯಾಗುವವರೆಗೆ ಮೂರು ವರ್ಷ ಕುಮುದಿನಿಯೇ ಬುಟ್ಟಿ ಹೊತ್ತಳು. ಎಷ್ಟು ಹೊತ್ತರೂ ಆ ಒಂದು ದಿನ ಇಳಿಯಲಿಲ್ಲ.

"ನಂಗೆ ಗೊತ್ತಿಲ್ಲ ಅಂತ ಹೇಳ್ಬೇಡ," ಎಂದಳು ಕುಮುದಿನಿ. ದನಿ ಇಳಿದಿತ್ತು, ಸಿಟ್ಟು ಇಳಿದಿರಲಿಲ್ಲ. "ಅದಕ್ಕೆ ಸೈನ್ ಹಾಕ್ಬೇಡ. ಅಷ್ಟೇ."

"ನಾಳೆ ಮೀಟಿಂಗಲ್ಲಿ ಪಾಸ್ ಆದ್ರೆ ಹಾಕ್ಲೇಬೇಕು," ಎಂದು ಹೇಳಿ ರಿತೇಶ್ ಕೋಣೆಗೆ ಹೋದ.

ಆದಿತ್ಯವಾರ ಹತ್ತು ಗಂಟೆಗೆ ಕಟ್ಟಡದ ಕೆಳಗೆ, ಕಾರು ನಿಲ್ಲಿಸುವ ಜಾಗದಲ್ಲಿ, ಪ್ಲಾಸ್ಟಿಕ್ ಕುರ್ಚಿ ಹಾಕಿ ಮೀಟಿಂಗ್ ಶುರುವಾಯಿತು. ಮೂವತ್ತು ಜನ ಸೇರಿದ್ದರು. ಕುಮುದಿನಿ ಮಾಸಿದ ಹತ್ತಿಯ ಸೀರೆ ಉಟ್ಟು, ನೆರಿಗೆ ಎತ್ತಿ ಸೊಂಟಕ್ಕೆ ಸಿಕ್ಕಿಸಿ, ಅವರ ಪಕ್ಕದಿಂದಲೇ ಹಾದು ಹೊರಗೆ ಹೋದಳು. ರಸ್ತೆಯಾಚೆ ಕುಶಲಾ ಎಂದಿನಂತೆ ನಿಂತಿದ್ದಳು. ಆದಿತ್ಯವಾರದ ವ್ಯಾಪಾರಕ್ಕೆ ಬುಟ್ಟಿ ತುಂಬಿತ್ತು.

ಕುಮುದಿನಿ ಅವಳ ತಲೆಯಿಂದ ಬುಟ್ಟಿ ಇಳಿಸಿದಳು. ಆಮೇಲೆ ಹೆಗಲ ಟವೆಲನ್ನು ಹುರಿ ಮಾಡಿ ಸುತ್ತಿ ಸಿಂಬೆ ಕಟ್ಟಿ ತನ್ನ ತಲೆಯ ಮೇಲೆ ಇಟ್ಟುಕೊಂಡಳು.

"ಎತ್ತು."

"ಎಂತ ಮಾಡ್ತೀರಿ ಕುಮುದಕ್ಕ, ಬೇಡ! ನಿಮ್ಮಿಂದ ಆಗ್ಲಿಕ್ಕಿಲ್ಲ. ಅಭ್ಯಾಸ ತಪ್ಪಿದೆ."

"ಎತ್ತು ಅಂತ ಹೇಳಿದ್ನಲ್ಲ."

ಭಾರ ತಲೆಗೆ ಬಿದ್ದಾಗ ಬೆನ್ನುಮೂಳೆಯೆಲ್ಲ ಒಂದು ಸಲ ಕುಸಿದ ಹಾಗಾಯಿತು. ಆಮೇಲೆ ಸೊಂಟಕ್ಕೆ ನೆನಪು ಬಂತು, ಹಿಮ್ಮಡಿಗೆ ನೆನಪು ಬಂತು. ಅವಳು ರಸ್ತೆ ದಾಟಿದಳು. ಗೇಟಿನಲ್ಲಿ ವಾಚ್‌ಮ್ಯಾನ್ ಅಡ್ಡ ಬಂದ. ಮುಂಬೈಯ ಚಾಳಿನಲ್ಲಿ ಕಲಿತ ಹಿಂದಿಯಲ್ಲಿ ಅವಳು ಅವನಿಗೆ ಎರಡೇ ಮಾತು ಹೇಳಿದಳು. ಅವನು ಸರಿದು ದಾರಿ ಕೊಟ್ಟ.

ರಿತೇಶ್ ಎದ್ದು ನಿಂತು ಅರ್ಜಿ ಓದುತ್ತಿದ್ದ. 'ಅಸಹನೀಯ ದುರ್ವಾಸನೆ' ಎಂಬಲ್ಲಿಗೆ ಬಂದಿದ್ದ. ತಲೆ ಎತ್ತಿದರೆ ಎದುರಲ್ಲಿ ಅಮ್ಮ.

"ಇಳಿಸು," ಎಂದಳು ಕುಮುದಿನಿ.

ಮೂರನೆಯ ಮಹಡಿಯ ಹೆಂಗಸು ದುಪಟ್ಟಾವನ್ನು ಮೂಗಿಗೆ ಒತ್ತಿಕೊಂಡಳು. "ಒಳಗೆ ಬಿಟ್ಟದ್ದು ಯಾರು ಇವರನ್ನು?" ಎಂದು ಯಾರೋ ಹಿಂದಿನಿಂದ ಕೇಳಿದರು. ನಿರೀಕ್ಷಾ ಕುರ್ಚಿಯಿಂದ ಏಳಹೊರಟಳು.

"ನೀನು ಕೂತ್ಕೋ ಮಗಾ," ಎಂದಳು ಕುಮುದಿನಿ, ಕತ್ತು ತಿರುಗಿಸದೆ. ತಿರುಗಿಸುವ ಹಾಗಿರಲಿಲ್ಲ.

ಮೇಜಿನ ಹಿಂದೆ ಕುಳಿತಿದ್ದ ಬ್ರಯಾನ್ ಅರುವತ್ತೈದರ ಮನುಷ್ಯ, ಪ್ರೆಸಿಡೆಂಟ್, ಡಾಲಿ ಬಾಯಿಯ ಮಗ. ತಾನು ಏನು ಮಾಡುತ್ತಿದ್ದೇನೆಂದು ಯೋಚಿಸುವ ಮೊದಲೇ ಎದ್ದು ಎರಡೂ ಕೈ ಮುಂದೆ ಚಾಚಿದ್ದ. ಚಿಕ್ಕಂದಿನಲ್ಲಿ ಅವನೂ ಎಷ್ಟೋ ಸಲ ಇಳಿಸಿದವನೇ.

"ಬೇಡ ಬ್ರಯಾನ್. ನಿಮ್ಮ ಅಮ್ಮ ನಲ್ವತ್ತು ವರ್ಷ ನಮ್ಮ ಬುಟ್ಟಿ ಇಳಿಸಿದ್ದಾರೆ. ನಿಮ್ಮ ಮನೆಯಿಂದ ಆಗ್ಬೇಕಾದ್ದು ಆಗಿದೆ. ಇದು ಇವನು ಇಳಿಸ್ಬೇಕಾದ್ದು."

"ಮುದ್ದಕ್ಕನ ಮಗಳಾ?" ಬ್ರಯಾನನ ಕೈ ಹಾಗೇ ಗಾಳಿಯಲ್ಲಿ ನಿಂತಿತು. "ರಿತೇಶ್, ನೀನು ಮುದ್ದಕ್ಕನ ಮೊಮ್ಮಗ ಅಂತ ಒಂದು ದಿನವೂ ಹೇಳ್ಲಿಲ್ಲ ಅಲ್ಲ ಮಾರಾಯ!"

ಮೂವತ್ತು ತಲೆಗಳು ರಿತೇಶನ ಕಡೆ ತಿರುಗಿದವು. ಅವನು ಹೆದರಿದ್ದ ನೋಟ ಒಂದಲ್ಲ, ಮೂವತ್ತು ಸೇರಿ ಬಂತು. ಅವನ ಕಿವಿ ಕೆಂಪಗಾಯಿತು.

"ಅಮ್ಮ, ಮೇಲೆ ಹೋಗುವ. ಮನೆಯಲ್ಲಿ ಮಾತಾಡುವ."

"ಇಷ್ಟು ದಿನ ಮನೆಯಲ್ಲೇ ಮಾತಾಡಿದ್ದು ಸಾಕು. ಬುಟ್ಟಿ ಇಲ್ಲಿ ಉಂಟು. ಇಳಿಸು."

ರಿತೇಶ್ ಮೊಬೈಲ್ ತೆಗೆದು ನೋಡಿದ. ಕರೆ ಬಂದಿರಲಿಲ್ಲ, ಮೆಸೇಜೂ ಬಂದಿರಲಿಲ್ಲ. ಅವನು ಸುಮ್ಮನೆ ಪರದೆಯ ಮೇಲೆ ಬೆರಳು ಆಡಿಸಿದ. ಅವಳು ಅಂದು ಚಪ್ಪಲಿಯ ಬಾರು ನೋಡಿದ್ದಳು, ಇವನು ಮೊಬೈಲ್ ನೋಡುತ್ತಿದ್ದಾನೆ. ಅವಳಿಗೆ ಅವನ ಕೆನ್ನೆಗೆ ಬಾರಿಸುವಷ್ಟು ಸಿಟ್ಟು ಬಂತು. ಆ ಪೆಟ್ಟು ಮೊದಲು ತನ್ನ ಕೆನ್ನೆಗೇ ಬೀಳಬೇಕಾದ್ದೆಂದೂ ಗೊತ್ತಿತ್ತು. ಕತ್ತು ನಡುಗಲು ಶುರುವಾಯಿತು. ಮೀನಿನ ನೀರು ಹಣೆಯಿಂದ ಕಣ್ಣಿಗೆ ಇಳಿದು ಉರಿಯಿತು. ಒರೆಸಿಕೊಳ್ಳಲು ಕೈ ಬಿಡುವ ಹಾಗಿಲ್ಲ.

"ನಿನ್ನ ಅಮ್ಮನ ಕುತ್ತಿಗೆ ಮುರೀತದೆ, ಮಗಾ. ನೋಡ್ಲಿಕ್ಕೆ ಇಷ್ಟು ಜನ ಇದ್ದಾರೆ. ಇಳಿಸ್ಲಿಕ್ಕೆ ನೀನೊಬ್ಬನೇ. ಇಳಿಸು!"

ಕೊನೆಯ ಮಾತು ಕಿರುಚಿದ ಹಾಗೆಯೇ ಬಂತು. ಮೇಲಿನ ಮಹಡಿಯ ಬಾಲ್ಕನಿಯಲ್ಲೊಬ್ಬರು ಬಗ್ಗಿ ನೋಡಿದರು. ರಿತೇಶ್ ಮೊಬೈಲನ್ನು ಕಿಸೆಗೆ ತುರುಕಿ ಎರಡು ಹೆಜ್ಜೆ ಮುಂದೆ ಬಂದ. ಎಲ್ಲಿ ಹಿಡಿಯಬೇಕೆಂದು ಅವನಿಗೆ ಗೊತ್ತಿರಲಿಲ್ಲ.

"ಒಂದು ಕೈ ಅಡಿಗೆ ಕೊಡು. ಒಂದು ಕೈ ಅಂಚಿಗೆ. ಎಳೀಬೇಡ, ನಾನು ಬಗ್ಗಿದ ಹಾಗೆ ನೀನು ಬಗ್ಗು."

ಇಬ್ಬರೂ ಒಟ್ಟಿಗೆ ಬಗ್ಗಿದರು. ಬುಟ್ಟಿ ನೆಲ ಮುಟ್ಟಿತು. ಮಂಜುಗಡ್ಡೆಯ ನೀರು ಚೆಲ್ಲಿ ಅವನ ಇಸ್ತ್ರಿಯ ಬಿಳಿ ಅಂಗಿ ಎದೆಯಿಂದ ಹೊಟ್ಟೆಯವರೆಗೆ ಒದ್ದೆಯಾಯಿತು. ಕುಮುದಿನಿ ನೆಟ್ಟಗಾಗಲಿಲ್ಲ, ಬಗ್ಗಿದವಳು ಬಗ್ಗಿದಂತೆಯೇ ಬುಟ್ಟಿಗೆ ಕೈ ಹಾಕಿ ಎರಡು ದಪ್ಪ ಬಂಗುಡೆ ಆರಿಸಿದಳು. ಮಗನ ಬಲಗೈಗೆ ಒಂದು ಇಟ್ಟಳು, ಎಡಗೈಗೆ ಒಂದು ಇಟ್ಟಳು.

"ಕೊಸರು. ಇಳಿಸಿದವರಿಗೆ ಕೊಡುದು. ಬೇಡ ಅಂತ ಹೇಳ್ಲಿಕ್ಕಿಲ್ಲ." ಆಮೇಲೆ ಮೇಜಿನ ಮೇಲಿದ್ದ ಪೆನ್ನನ್ನು ಕಣ್ಣಿನಲ್ಲೇ ತೋರಿಸಿದಳು. "ಈಗ ಹಾಕು ಸೈನ್."

ರಿತೇಶ್ ಎರಡೂ ಕೈಯಲ್ಲಿ ಮೀನು ಹಿಡಿದು ನಿಂತ. ಹಿಂದಿನ ಸಾಲಿನಿಂದ ಒಬ್ಬ ಗಂಡಸು, ಮೂಗಿಗೆ ದುಪಟ್ಟಾ ಒತ್ತಿಕೊಂಡ ಹೆಂಗಸಿನ ಗಂಡನೇ ಇರಬೇಕು, ಕತ್ತು ಉದ್ದ ಮಾಡಿ ಬುಟ್ಟಿ ನೋಡಿ, "ಕಾಣೆ ಮೀನು ಉಂಟಾ?" ಎಂದು ಮೆಲ್ಲಗೆ ಕೇಳಿದ. ಹೆಂಡತಿ ಅವನ ತೊಡೆಗೆ ತಿವಿದಳು.

"ಆ ಪೇಪರ್ ತೆಗೀರಿ ಬ್ರಯಾನ್," ಎಂದ ರಿತೇಶ್. "ನಾನು ಸೈನ್ ಹಾಕುದಿಲ್ಲ. ಸೆಕ್ರೆಟರಿ ಬೇರೆಯವರನ್ನು ನೋಡಿ."

ಅವನ ದನಿಯಲ್ಲಿ ಪ್ರೀತಿಯೇನೂ ಇರಲಿಲ್ಲ, ಸಿಟ್ಟಿತ್ತು. ಅಮ್ಮನ ಮುಖವನ್ನೂ ನೋಡದೆ, ಅವೆರಡು ಮೀನುಗಳನ್ನು ಕೆಳಗಿಡದೆ, ಅವನು ಲಿಫ್ಟಿನ ಕಡೆ ನಡೆದ. ಲಿಫ್ಟಿನ ಗುಂಡಿ ಒತ್ತಲು ಕೈ ಇರಲಿಲ್ಲ. ನಿರೀಕ್ಷಾ ಓಡಿಹೋಗಿ ಒತ್ತಿದಳು. ಬ್ರಯಾನ್ ಅರ್ಜಿಯನ್ನು ನಾಲ್ಕು ಮಡಿಕೆ ಮಾಡಿ ಅಂಗಿಯ ಕಿಸೆಗೆ ಹಾಕಿಕೊಂಡ. ನಾಳೆ ಬೇರೆ ಯಾರಾದರೂ ಬೇರೆ ಅರ್ಜಿ ಬರೆಯಬಹುದು. ಬರೆಯಲಿ, ಆಗ ನೋಡಿಕೊಳ್ಳುವ ಎಂದುಕೊಂಡಳು ಕುಮುದಿನಿ.

ಬುಟ್ಟಿಯನ್ನು ಅವಳೂ, ಅವಳ ಹಿಂದೆಯೇ ಒಳಗೆ ಬಂದಿದ್ದ ಕುಶಲಾಳೂ ಎರಡು ಬದಿ ಹಿಡಿದು ಹೊರಗೆ ತಂದು, ಹಳೆಯ ಮೋರಿಕಟ್ಟೆಯಿದ್ದ ಮೂಲೆಯಲ್ಲಿ ಟೈಲ್ಸಿನ ಮೇಲೆ ಇಟ್ಟರು. ಮಣೆ ಇಲ್ಲದೆ ಕುಮುದಿನಿ ಕುಕ್ಕರುಗಾಲಿನಲ್ಲಿ ಕುಳಿತಳು. ಕತ್ತು ಆಚೆ ಈಚೆ ತಿರುಗುತ್ತಿರಲಿಲ್ಲ. ಗೆದ್ದವಳಿಗೆ ಸಮಾಧಾನ ಆಗಬೇಕಿತ್ತಲ್ಲ, ಆಗಲಿಲ್ಲ. ಸಿಟ್ಟು ಇನ್ನೂ ಒಳಗೆ ಕುದಿಯುತ್ತಿತ್ತು, ಈಗ ಅದು ಮಗನ ಮೇಲೂ ಅಲ್ಲ, ಆ ಮೂವತ್ತು ಜನರ ಮೇಲೂ ಅಲ್ಲ.

ಅಮ್ಮ ಅಂದು ಒಂದು ಮಾತು ಕೂಗಬಹುದಿತ್ತು. ಇಷ್ಟೇ ದೂರದಲ್ಲಿ ನಿಂತಿದ್ದಳು. 'ಏ ಕುಮುದಾ, ಇಳಿಸು' ಎಂದು ರಸ್ತೆಗೆಲ್ಲ ಕೇಳುವ ಹಾಗೆ ಕೂಗಿದ್ದರೆ ಕುಮುದಿನಿ ನಾಚಿಕೆಯಿಂದ ನೆಲಕ್ಕಿಳಿದುಹೋಗುತ್ತಿದ್ದಳು, ಅಳುತ್ತಿದ್ದಳು, ಆದರೆ ಬಂದು ಇಳಿಸುತ್ತಿದ್ದಳು. ಕೈಗೆ ಎರಡು ಮೀನು ಬೀಳುತ್ತಿತ್ತು. ಮನೆಗೆ ಹೋಗಿ ಜಗಳ ಮಾಡಿ, ಆ ಮೀನಿನ ಸಾರು ಉಂಡು, ಮಲಗಿದರೆ ಎಲ್ಲ ಮುಗಿಯುತ್ತಿತ್ತು. ಮಗಳ ಮರ್ಯಾದೆ ಹೋಗಬಾರದೆಂದು ಅಮ್ಮ ಬಾಯಿ ಮುಚ್ಚಿಕೊಂಡು ನಿಂತಳು. ಬುಟ್ಟಿಯನ್ನು ಡಾಲಿ ಬಾಯಿ ಇಗರ್ಜಿಯಿಂದ ಬಂದು ಇಳಿಸಿದರು, ಅಂದಿನ ಭಾರ ಮಾತ್ರ ಕುಮುದಿನಿಯ ತಲೆಯ ಮೇಲೆ ನಲವತ್ತೇಳು ವರ್ಷ ಉಳಿಯಿತು.

"ನನ್ನನ್ನು ಯಾಕೆ ಕರೀಲಿಲ್ಲ ನೀನು?" ಎಂದಳು ಜೋರಾಗಿ, ಎದುರಿನ ಖಾಲಿ ಗೇಟಿಗೆ.

"ಎಂತ ಕುಮುದಕ್ಕ? ಯಾರಿಗೆ ಹೇಳಿದ್ದು?"

"ಯಾರಿಗೂ ಅಲ್ಲ," ಎಂದು ಅವಳು ಸೆರಗಿನಿಂದ ಕಣ್ಣು ಒರೆಸಿಕೊಂಡಳು. "ಕಾಣೆ ಕೇಳಿದವ ಬರ್ತಾ ಇದ್ದಾನೆ ನೋಡು, ಹೆಂಡ್ತಿಗೆ ಗೊತ್ತಾಗದ ಹಾಗೆ. ಕತ್ತಿ ಈಚೆ ಕೊಡು."